ಹಿಂದಿನ ಸ್ಪೀಕರ್ ಎಲ್ಲಿಡುತ್ತೀರಿ?

ಅಕ್ಕನ ಮಗ ಮೊನ್ನೆ ಫೋನ್ ಮಾಡಿದ್ದ. ಬೆಂಗಳೂರಿನ ವಿಜಯನಗರದಲ್ಲಿ ಅವನದು ಬಾಡಿಗೆ ಕೋಣೆ, ಹೊಸ ಕೆಲಸ, ಸಂಬಳದಲ್ಲಿ ಉಳಿಸಿ ಕೊಂಡ ಹೊಸ ಕಂಪ್ಯೂಟರು. "ಮಾಮ, ಹತ್ತು ಸಾವಿರದೊಳಗೆ ಒಳ್ಳೇ 5.1 ಸೆಟ್ ಯಾವುದು ಹೇಳಿ. ಸಿನಿಮಾ ಹಾಕಿದ್ರೆ ಥಿಯೇಟರಲ್ಲಿ ಕೂತ ಹಾಗಿರ್ಬೇಕು" ಅಂದ. ನಾನು ಕಂಪನಿಯ ಹೆಸರು ಹೇಳುವ ಬದಲು, "ನಿನ್ನ ಮೇಜು ಎಲ್ಲಿದೆ? ಕುರ್ಚಿ ಹಿಂದೆ ಏನಿದೆ?" ಎಂದು ಕೇಳಿದೆ. ಅವನಿಗೆ ಅಚ್ಚರಿ. "ಮೇಜು ಕಿಟಕಿ ಪಕ್ಕ ಮೂಲೆಗೆ ಹಾಕಿದೀನಿ. ಹಿಂದೆ ಮಂಚ. ಅದಕ್ಕೂ ಸ್ಪೀಕರಿಗೂ ಏನು ಸಂಬಂಧ?"

ಸಂಬಂಧ ಬಹಳ ಇದೆ. ಹಲವು ವರ್ಷಗಳ ಹಿಂದೆ ನಾನೂ ಒಂದು 5.1 ಸೆಟ್ ಮನೆಗೆ ತಂದಿದ್ದೆ. ಹಿಂದಿಡಬೇಕಾದ ಎರಡು ಸ್ಪೀಕರುಗಳ ವೈರು ಕುರ್ಚಿಯವರೆಗೂ ಬರಲಿಲ್ಲ. ಗೋಡೆಗೆ ಮೊಳೆ ಹೊಡೆಯಲು ಮನೆ ಮಾಲೀಕರು ಒಪ್ಪಲಿಲ್ಲ. ಕೊನೆಗೆ ಐದೂ ಸ್ಪೀಕರುಗಳು ಮಾನಿಟರಿನ ಆಚೀಚೆ ಸಾಲಾಗಿ ಕೂತವು. ಸಿನಿಮಾದಲ್ಲಿ ಹಿಂದಿನಿಂದ ಕೇಳಿಸಬೇಕಾದ ಮಳೆ ಮುಂದಿನಿಂದಲೇ ಸುರಿಯಿತು. ಆ ಸೆಟ್ಟಿಗೆ ಆರು ದನಿಗಳನ್ನು ಬೇರೆ ಬೇರೆಯಾಗಿ ಒಳಗೆ ಬಿಟ್ಟುಕೊಳ್ಳುವ ದಾರಿಯೇ ಇರಲಿಲ್ಲ ಎನ್ನುವುದು ತಿಳಿಯುವ ಹೊತ್ತಿಗೆ ವಾಪಸ್ ಕೊಡುವ ಅವಧಿ ಮುಗಿದಿತ್ತು. ಅಂಗಡಿಯವರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಬರುವ ಸಂಬಳವನ್ನೆಲ್ಲ ಲೆಕ್ಕ ಹಾಕಿ ಖರ್ಚು ಮಾಡುವ ವಯಸ್ಸಿನಲ್ಲಿ ಹಾಗೆ ಹೋದ ದುಡ್ಡು ಮನಸ್ಸಿನಲ್ಲಿ ಉಳಿದುಬಿಡುತ್ತದೆ. ಈ ಹುಡುಗನಿಗೆ ಹಾಗಾಗುವುದು ಬೇಡ ಎಂದು ಅವತ್ತು ಫೋನಿನಲ್ಲಿ ಒಂದು ಗಂಟೆ ಮಾತಾಡಿದೆ. ಆ ಮಾತನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಆ ಅಂಕಿಯ ಅರ್ಥ. 5.1 ಅಂದರೆ ಆರು ಬೇರೆ ಬೇರೆ ದನಿಯ ಹಾದಿಗಳು. ಮುಂದೆ ಎಡ, ಮುಂದೆ ಬಲ, ನಟ್ಟನಡುವೆ ಒಂದು, ಹಿಂದೆ ಎಡ, ಹಿಂದೆ ಬಲ, ಇವು ಐದು. ಚುಕ್ಕಿಯ ಆಚೆಗಿರುವ ಒಂದು ಗುಡುಗು, ಸ್ಫೋಟ, ನೆಲ ನಡುಗುವಂಥ ಸದ್ದುಗಳಿಗೆ ಮೀಸಲು. ಮನುಷ್ಯನ ಕಿವಿಗೆ 20ರಿಂದ 20,000 ಹರ್ಟ್ಸ್‌ವರೆಗೆ ಕೇಳಿಸುತ್ತದೆ ಎನ್ನುತ್ತಾರೆ. ಈ ಆರನೆಯ ಹಾದಿ ಅದರಲ್ಲಿ ತೀರ ತಳದ, 120 ಹರ್ಟ್ಸ್‌ವರೆಗಿನ ಪಟ್ಟಿಯನ್ನಷ್ಟೇ ಒಯ್ಯುತ್ತದೆ. ಅದಕ್ಕೇ ಅದನ್ನು ಇಡಿಯಾದ ಒಂದು ಎಂದು ಎಣಿಸದೆ ಚುಕ್ಕಿಯ ಪಕ್ಕಕ್ಕೆ ಹಾಕಿದರು.

ಈ ವ್ಯವಸ್ಥೆ ಹುಟ್ಟಿದ್ದು ಸಿನಿಮಾ ಮಂದಿರಕ್ಕಾಗಿ. ಎರಡು ಹಾದಿಗಳ ಸ್ಟೀರಿಯೊಗೆ ಬ್ರಿಟನ್ನಿನ ಎಂಜಿನಿಯರ್ ಆಲನ್ ಬ್ಲಮ್‌ಲೈನ್ ಪೇಟೆಂಟ್ ಅರ್ಜಿ ಹಾಕಿದ್ದು 1931ರಲ್ಲಿ. ವಾಲ್ಟ್ ಡಿಸ್ನಿ 1940ರ 'ಫ್ಯಾಂಟೇಸಿಯಾ' ಚಿತ್ರಕ್ಕಾಗಿ ಪ್ರೇಕ್ಷಕರ ಸುತ್ತ ಸ್ಪೀಕರ್ ಇಡುವ ಸಾಹಸ ಮಾಡಿದ. ಇಂದು ನಾವು ಕೇಳುವ ಡಿಜಿಟಲ್ 5.1, ಡಾಲ್ಬಿ ಕಂಪನಿಯ ಮೂಲಕ ಚಿತ್ರಮಂದಿರ ಹೊಕ್ಕಿದ್ದು 1992ರ 'ಬ್ಯಾಟ್‌ಮನ್ ರಿಟರ್ನ್ಸ್' ಜೊತೆಗೆ. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ನಡುವಿನ ಸ್ಪೀಕರ್ ಯಾಕೆ ಬೇಕಾಯಿತು? ಚಿತ್ರಮಂದಿರದ ಎಡ ತುದಿಯ ಕುರ್ಚಿಯಲ್ಲಿ ಕೂತವನಿಗೆ ಎಡ ಸ್ಪೀಕರೇ ಹತ್ತಿರ. ನಾಯಕ ಪರದೆಯ ನಡುವೆ ನಿಂತು ಮಾತಾಡಿದರೂ ಇವನಿಗೆ ದನಿ ಎಡಗಡೆಯಿಂದ ಬಂದಂತೆ ಕೇಳಿಸುತ್ತದೆ. ಮಾತು ಪರದೆಯ ನಡುವಿಗೇ ಅಂಟಿಕೊಳ್ಳಲಿ ಎಂದು ಅಲ್ಲೊಂದು ಸ್ಪೀಕರ್ ಇಟ್ಟರು.

ಕಂಪ್ಯೂಟರಿನ ಮುಂದೆ ಕೂರುವವನು ಒಬ್ಬನೇ, ಅದೂ ಮಾನಿಟರಿನ ಎದುರಿಗೇ. ಎಡ, ಬಲ ಎರಡೂ ಸಮದೂರದಲ್ಲಿದ್ದು ಎರಡರಿಂದಲೂ ಒಂದೇ ದನಿ ಬಂದರೆ ಮೆದುಳು ಆ ದನಿಯನ್ನು ತಾನೇ ನಡುವೆ ಕೂರಿಸಿಕೊಳ್ಳುತ್ತದೆ. ಹಾಗಾಗಿ ಮೇಜಿನ ಮೇಲಿನ ಸೆಟ್ಟಿನಲ್ಲಿ ನಡುವಿನ ಸ್ಪೀಕರಿಗೆ ಕೆಲಸ ಕಡಿಮೆ. ಅಗ್ಗದ ಸೆಟ್ಟುಗಳಲ್ಲಿ ಇದು ಚಿಕ್ಕದು, ಕಳಪೆ ಕೂಡ. ಸಿನಿಮಾದ ಮಾತೆಲ್ಲ ಬರುವುದು ಅದರಿಂದಲೇ ಆದ್ದರಿಂದ ಎಲ್ಲರೂ ಮೂಗಿನಿಂದ ಮಾತಾಡಿದ ಹಾಗೆ ಕೇಳಿಸುತ್ತದೆ. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ ನಡುವಿನ ಸ್ಪೀಕರ್ ಇಲ್ಲ ಎಂದು ಗುರುತು ಮಾಡಿದರೆ ಆ ದನಿಯನ್ನು ಅದು ಎಡಬಲಕ್ಕೆ ಹಂಚಿಕೊಡುತ್ತದೆ. ಬಹಳ ಜನ ಇದನ್ನು ಮಾಡಿ ನೋಡಿರುವುದಿಲ್ಲ. ಮಾಡಿ ನೋಡಿ, ಮಾತು ಎಷ್ಟು ತಿಳಿಯಾಗುತ್ತದೆ ಎಂದು ಗೊತ್ತಾಗುತ್ತದೆ.

ಇನ್ನು ಹಿಂದಿನ ಜೋಡಿ. ನಮಗಿರುವುದು ಎರಡೇ ಕಿವಿ. ಸದ್ದು ಎಡದಿಂದ ಬಂತೋ ಬಲದಿಂದ ಬಂತೋ ಎಂಬುದನ್ನು ಅದು ಯಾವ ಕಿವಿಗೆ ಮೊದಲು ಮುಟ್ಟಿತು, ಯಾವುದಕ್ಕೆ ಜೋರಾಗಿ ಮುಟ್ಟಿತು ಎಂಬ ವ್ಯತ್ಯಾಸದಿಂದ ಮೆದುಳು ಅಳೆಯುತ್ತದೆ. ಆ ಅಂತರ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಮುಂದೋ ಹಿಂದೋ ಎಂಬುದನ್ನು ತಿಳಿಸುವುದು ಹೊರಗಿವಿಯ ಮಡಿಕೆಗಳು. ಹಿಂದಿನಿಂದ ಬಂದ ಸದ್ದಿನ ಬಣ್ಣವನ್ನು ಅವು ಒಂದಿಷ್ಟು ಬದಲಿಸುತ್ತವೆ, ಆ ಬದಲಾವಣೆಯನ್ನು ನಾವು ಹುಟ್ಟಿದಾಗಿನಿಂದ ಕಲಿತಿರುತ್ತೇವೆ. ಆದ್ದರಿಂದ ಹಿಂದಿನ ಸದ್ದು ಹಿಂದೆ ಕೇಳಿಸಬೇಕಾದರೆ ಸ್ಪೀಕರ್ ನಿಜವಾಗಿಯೂ ಹಿಂದೆಯೇ ಇರಬೇಕು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನಲ್ಲಿ ಇದಕ್ಕೊಂದು ನಕ್ಷೆಯಿದೆ. ಮೂಗಿನ ನೇರ ಸೊನ್ನೆ ಡಿಗ್ರಿ ಎಂದುಕೊಂಡರೆ ಮುಂದಿನ ಎಡಬಲ 30 ಡಿಗ್ರಿಯಲ್ಲಿ, ಹಿಂದಿನ ಎಡಬಲ 100ರಿಂದ 120 ಡಿಗ್ರಿಯೊಳಗೆ. ಹಿಂದಿನವು ಬೆನ್ನ ಹಿಂದಿನ ಗೋಡೆಯ ಮೂಲೆಯಲ್ಲಿ ಇರಬೇಕಿಲ್ಲ, ಭುಜದಿಂದ ತುಸು ಹಿಂದಕ್ಕೆ ಪಕ್ಕದಲ್ಲಿದ್ದರೆ ಸಾಕು. ಕೋಣೆಯ ಮೂಲೆಗೆ ಮೇಜು ಒತ್ತಿದರೆ ಒಂದು ಬದಿಗೆ ಗೋಡೆ, ಇನ್ನೊಂದು ಬದಿಗೆ ಬಾಗಿಲು. ಅಲ್ಲಿ ಈ ನಕ್ಷೆ ಕೂರುವುದೇ ಇಲ್ಲ. ದುಡ್ಡು ತೆಗೆಯುವ ಮೊದಲು ಒಂದು ಟೇಪು ಹಿಡಿದು ಕುರ್ಚಿಯಿಂದ ಅಳೆಯಿರಿ. ಹಿಂದಿನವಕ್ಕೆ ಜಾಗ ಸಿಗದಿದ್ದರೆ 5.1 ನಿಮ್ಮ ಕೋಣೆಗೆ ಹೇಳಿದ್ದಲ್ಲ. ಅದೇ ದುಡ್ಡಿಗೆ ಒಳ್ಳೆಯ ಎರಡು ಸ್ಪೀಕರ್ ಬರುತ್ತವೆ.

ಜಾಗ ಇದೆ ಎಂದುಕೊಳ್ಳೋಣ. ಆಗ ಅಂಗಡಿಯಲ್ಲಿ ಮೊದಲು ನೋಡಬೇಕಾದ್ದು ಪೆಟ್ಟಿಗೆಯ ಬೆನ್ನು. ಆರು ದನಿಗೂ ಒಳಬರುವ ದಾರಿ ಬೇಕು: ಆರು ಆರ್‌ಸಿಎ ಪಿನ್ನುಗಳು, ಇಲ್ಲವೇ ಹೆಡ್‌ಫೋನ್ ಪಿನ್ನಿನ ಗಾತ್ರದ ಮೂರು ತೂತುಗಳು, ಏಕೆಂದರೆ ಒಂದೊಂದರಲ್ಲಿ ಎರಡೆರಡು ದನಿ ಸಾಗುತ್ತವೆ. ಅದೂ ಇಲ್ಲದಿದ್ದರೆ ಡಾಲ್ಬಿ ಡಿಜಿಟಲ್ ಬಿಡಿಸಬಲ್ಲ ಆಪ್ಟಿಕಲ್ ಕಿಂಡಿ ಅಥವಾ ಎಚ್‌ಡಿಎಂಐ. ಬೆನ್ನ ಮೇಲೆ ಕೆಂಪು ಬಿಳಿ ಎರಡೇ ಪಿನ್ನು, ಮುಂದೆ ಬ್ಲೂಟೂತು, ಪೆನ್‌ಡ್ರೈವ್, ಎಫ್ಎಂ ಇದ್ದರೆ ಅದು ಐದು ಸ್ಪೀಕರಿರುವ ಸ್ಟೀರಿಯೊ. ಮುಂದೆ ಬಂದದ್ದನ್ನೇ ಹಿಂದಕ್ಕೂ ಕಳಿಸುತ್ತದೆ. ಹಾಡು ಕೋಣೆ ತುಂಬಬಹುದು, ಹೆಲಿಕಾಪ್ಟರ್ ಹಿಂದಿನಿಂದ ಮುಂದಕ್ಕೆ ಹಾರುವುದಿಲ್ಲ. ಬ್ಲೂಟೂತಿನಲ್ಲಿ ಸಾಮಾನ್ಯವಾಗಿ ಹರಿಯುವುದೇ ಎರಡು ದನಿ. ಮೇಲಾಗಿ ಅದು ಸ್ವಲ್ಪ ತಡವಾಗಿ ಮುಟ್ಟುತ್ತದೆ, ಆಟದಲ್ಲಿ ಗುಂಡು ಹಾರಿದ ಮೇಲೆ ಸದ್ದು ಬರುತ್ತದೆ. ಕಂಪ್ಯೂಟರಿಗೆ ವೈರೇ ಸರಿ.

ಕಂಪ್ಯೂಟರಿನ ಬೆನ್ನನ್ನೂ ನೋಡಬೇಕು. ಡೆಸ್ಕ್‌ಟಾಪಿನ ಹಿಂದೆ ಬಣ್ಣದ ತೂತುಗಳಿರುತ್ತವೆ. ಹಸಿರು ಮುಂದಿನ ಜೋಡಿಗೆ, ಕಪ್ಪು ಹಿಂದಿನ ಜೋಡಿಗೆ, ಕಿತ್ತಳೆ ನಡುವಿನದಕ್ಕೂ ತಳದ ಸದ್ದು ಹೊರಡಿಸುವ ಸಬ್‌ವೂಫರಿಗೂ. ಮೂರೇ ತೂತಿದ್ದರೆ, ಅಂದರೆ ಹಸಿರು, ನೀಲಿ, ಗುಲಾಬಿ ಇದ್ದರೆ, ನಿರಾಶರಾಗಬೇಡಿ. ಬಹಳಷ್ಟು ಮದರ್‌ಬೋರ್ಡುಗಳಲ್ಲಿ ಸಾಫ್ಟ್‌ವೇರಿನಲ್ಲಿ 5.1 ಎಂದು ಆರಿಸಿದ ಕೂಡಲೇ ನೀಲಿ ಹಿಂದಿನ ಜೋಡಿಗೂ ಗುಲಾಬಿ ನಡುವಿನದಕ್ಕೂ ತಿರುಗಿಕೊಳ್ಳುತ್ತವೆ. ಆಗ ಮೈಕನ್ನು ಯುಎಸ್‌ಬಿಗೆ ಹಾಕಬೇಕಾಗುತ್ತದೆ, ಅಷ್ಟೇ. ಲ್ಯಾಪ್‌ಟಾಪಿನಲ್ಲಿ ಇರುವುದು ಒಂದೇ ತೂತು, ಅದರಿಂದ ಎರಡೇ ದನಿ. ಅದಕ್ಕೆ ಹೊರಗಿನ ಯುಎಸ್‌ಬಿ ಸೌಂಡ್ ಕಾರ್ಡ್ ಬೇಕು. 7.1 ಎಂದು ಅಚ್ಚು ಹಾಕಿದ ಬೆರಳುದ್ದದ ಯುಎಸ್‌ಬಿ ಕಡ್ಡಿಗಳು ಮಾರುಕಟ್ಟೆಯಲ್ಲಿ ಬಹಳ. ಅವುಗಳಲ್ಲಿ ಹೆಡ್‌ಫೋನಿಗೆ ಒಂದು ತೂತು, ಮೈಕಿಗೆ ಒಂದು ತೂತು. ಒಂದು ತೂತಿನಿಂದ ಎಂಟು ದನಿ ಹೊರಬರುವುದಿಲ್ಲ. ಮೂರು ಹೊರ ತೂತಿರುವ ಕಾರ್ಡನ್ನೇ ಕೇಳಿ ತೆಗೆದುಕೊಳ್ಳಿ.

ಆಪ್ಟಿಕಲ್ ವಿಷಯದಲ್ಲೂ ಎಚ್ಚರ ಬೇಕು. ಆ ಕೆಂಪು ಬೆಳಕಿನ ತಂತಿ ಹಾಗೇ ಬಿಡಿಬಿಡಿಯಾಗಿ ಒಯ್ಯುವುದು ಎರಡು ದನಿಯನ್ನು ಮಾತ್ರ, ಆರನ್ನು ಒಯ್ಯಲು ಡಾಲ್ಬಿ ಅಥವಾ ಡಿಟಿಎಸ್ ರೂಪದಲ್ಲಿ ಒತ್ತಿ ಕಟ್ಟಿರಬೇಕು. ಸಿನಿಮಾ ಕಡತದಲ್ಲಿ ಆ ಕಟ್ಟು ಸಿದ್ಧವಾಗಿಯೇ ಬರುತ್ತದೆ. ಆಟದ ಸದ್ದು ಆಗಿಂದಾಗ್ಗೆ ಹುಟ್ಟುವಂಥದ್ದು, ಅದನ್ನು ಆ ಕ್ಷಣಕ್ಕೆ ಕಟ್ಟಿಕೊಡುವ ಡಾಲ್ಬಿ ಡಿಜಿಟಲ್ ಲೈವ್‌ನಂಥ ಸೌಲಭ್ಯ ಸೌಂಡ್ ಕಾರ್ಡಿನಲ್ಲಿ ಇರಬೇಕು. ಎಚ್‌ಡಿಎಂಐಗೆ ಈ ತೊಡಕಿಲ್ಲ, ಎಂಟು ದನಿಯವರೆಗೆ ಬಿಡಿಯಾಗಿಯೇ ಒಯ್ಯುತ್ತದೆ. ಸೌಂಡ್‌ಬಾರ್ ತೆಗೆದುಕೊಳ್ಳುವವರು ಮಾತ್ರ ನೋಡಬೇಕಾದ್ದು, ಎಆರ್‌ಸಿ ಎಂಬ ಕಿಂಡಿ ಟಿವಿಗಾಗಿ ಇರುವಂಥದ್ದು. ಕಂಪ್ಯೂಟರನ್ನು ನೇರ ಜೋಡಿಸಲು ಎಚ್‌ಡಿಎಂಐ ಇನ್ ಎಂಬ ಇನ್ನೊಂದು ಕಿಂಡಿ ಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಕೇಳುವ ಸರಕಿನಲ್ಲಿ ಆರು ದನಿ ಇರಬೇಕಲ್ಲ? ಹಾಡುಗಳು ಬಹುಪಾಲು ಸ್ಟೀರಿಯೊ. ಯೂಟ್ಯೂಬಿನ ಹೆಚ್ಚಿನ ವಿಡಿಯೊಗಳೂ ಅಷ್ಟೇ. ನಮ್ಮ ಕಪ್ಪುಬಿಳುಪು ಕಾಲದ ಚಿತ್ರಗೀತೆಗಳಲ್ಲಿ ಇರುವುದು ಒಂದೇ ದನಿ. ಐದು ಸ್ಪೀಕರಿನಲ್ಲಿ ಹರಡಿದರೆ ಅವು ಹಿರಿದಾಗುವುದಿಲ್ಲ, ಮಸುಕಾಗುತ್ತವೆ. ಓಟಿಟಿಯಲ್ಲಿ ಬರುವ ಹೊಸ ಸಿನಿಮಾ ಹಲವಕ್ಕೆ 5.1 ಇದೆ, ಆದರೆ ಅದು ಕಂಪ್ಯೂಟರಿಗೆ ಸಿಗುವುದು ಯಾವ ಬ್ರೌಸರ್, ಯಾವ ಆ್ಯಪ್ ಬಳಸುತ್ತೀರಿ ಎಂಬುದರ ಮೇಲೆ ನಿಂತಿದೆ. ಬ್ಲೂರೇ ಮತ್ತು ಕಂಪ್ಯೂಟರ್ ಆಟಗಳಲ್ಲಿ ಮಾತ್ರ ಆರೂ ದನಿ ಖಚಿತ ಎನ್ನುವಷ್ಟು ಸಾಮಾನ್ಯ. ಒಂದು ವಾರ ನೀವು ನಿಜಕ್ಕೂ ಏನೇನು ಕೇಳಿದಿರಿ ಎಂದು ಬರೆದಿಟ್ಟು ನೋಡಿ. ಹತ್ತರಲ್ಲಿ ಎಂಟು ಗಂಟೆ ಹಾಡು, ಆಫೀಸಿನ ಮೀಟಿಂಗು, ಯೂಟ್ಯೂಬು ಆಗಿದ್ದರೆ ಹಿಂದಿನ ಜೋಡಿಗೆ ಸುರಿದ ದುಡ್ಡು ವಾರದಲ್ಲಿ ಎರಡು ಗಂಟೆಗಷ್ಟೇ ಕೆಲಸಕ್ಕೆ ಬರುತ್ತದೆ.

ವ್ಯಾಟಿನ ಮಾತಿಗೆ ಬರೋಣ, ಏಕೆಂದರೆ ಗಿರಾಕಿಗೆ ಹೆಚ್ಚು ಮೋಸವಾಗುವುದು ಇಲ್ಲೇ. ಟೇಪ್ ರೆಕಾರ್ಡರ್ ಕಾಲದಲ್ಲಿ ಸಾವಿರಗಟ್ಟಲೆ ವ್ಯಾಟ್ ಪಿಎಂಪಿಒ ಎಂದು ಬರೆದ ಚೀಟಿಗಳಿದ್ದವು. ಕಣ್ಣುಮಿಟುಕಿಸುವಷ್ಟು ಹೊತ್ತು ಬರಬಹುದಾದ ಶಕ್ತಿಯ ಊಹೆ ಅದು, ಅದಕ್ಕೆ ಒಪ್ಪಿತವಾದ ಅಳತೆಯೇ ಇಲ್ಲ. ನೋಡಬೇಕಾದ್ದು ಆರ್‌ಎಂಎಸ್ ಎಂಬ ಅಂಕಿ, ಎಡೆಬಿಡದೆ ಕೊಡಬಲ್ಲ ಶಕ್ತಿ. ಅದನ್ನೂ ಪರೀಕ್ಷಿಸುವ ಸುಲಭ ದಾರಿ ಇದೆ. ಪೆಟ್ಟಿಗೆಯ ಹಿಂದೆ ಅಥವಾ ಅಡಾಪ್ಟರಿನ ಮೇಲೆ ಎಷ್ಟು ವಿದ್ಯುತ್ ಎಳೆಯುತ್ತದೆ ಎಂದು ಬರೆದಿರುತ್ತದೆ. 12 ವೋಲ್ಟ್, 2 ಆ್ಯಂಪಿಯರ್ ಎಂದಿದ್ದರೆ ಗುಣಿಸಿದಾಗ 24 ವ್ಯಾಟ್. ಒಳಗೆ ಹೋದದ್ದು 24 ಆದರೆ ಎಡೆಬಿಡದೆ 100 ವ್ಯಾಟ್ ಹೊರಗೆ ಬರುವುದು ಯಾವ ಕಾರ್ಖಾನೆಯಿಂದಲೂ ಸಾಧ್ಯವಿಲ್ಲ.

ಮೇಜಿನ ಮೇಲಿನ ಸ್ಪೀಕರಿಗೆ ಅಷ್ಟೊಂದು ವ್ಯಾಟ್ ಬೇಕಾಗಿಯೂ ಇಲ್ಲ. ಸಾಧಾರಣ ಸ್ಪೀಕರೊಂದು ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 85 ಡೆಸಿಬೆಲ್ ಹತ್ತಿರ ಸದ್ದು ಕೊಡುತ್ತದೆ. ಎದುರು ಕೂತವರ ಮಾಮೂಲಿ ಮಾತು ಸುಮಾರು 60. ಕಾರ್ಖಾನೆ ಕೆಲಸಗಾರರಿಗೆ ದಿನಕ್ಕೆ ಎಂಟು ಗಂಟೆಗೆ 85ಕ್ಕಿಂತ ಮೀರಬಾರದು ಎಂದು ಅಮೆರಿಕದ ನಿಯೋಷ್ ಸಂಸ್ಥೆ ಹೇಳುತ್ತದೆ. ವ್ಯಾಟ್ ಇಮ್ಮಡಿಯಾದರೆ ಏರುವುದು 3 ಡೆಸಿಬೆಲ್ ಮಾತ್ರ, ಕಿವಿಗೆ ದುಪ್ಪಟ್ಟು ಜೋರು ಅನ್ನಿಸಬೇಕಾದರೆ ಹತ್ತು ಪಟ್ಟು ವ್ಯಾಟ್ ಬೇಕು. 40 ವ್ಯಾಟಿನದಕ್ಕೂ 60 ವ್ಯಾಟಿನದಕ್ಕೂ ಇರುವ ಅಂತರಕ್ಕೆ ಎರಡು ಸಾವಿರ ಹೆಚ್ಚು ಕೊಡಬೇಡಿ. ಆ ದುಡ್ಡು ಸ್ಪೀಕರಿನ ಮೈಗೆ ಹೋಗಲಿ: ತೆಳು ಪ್ಲಾಸ್ಟಿಕ್ಕಿನ ಬದಲು ಮರದ ಹಲಗೆಯ ಪೆಟ್ಟಿಗೆ, ಒಂದೇ ಚಿಕ್ಕ ಕೋನಿನ ಬದಲು ಮೇಲಿನ ಸ್ವರಗಳಿಗೆ ಪ್ರತ್ಯೇಕ ಟ್ವೀಟರ್.

ಅಂಗಡಿಯಲ್ಲಿ ಕೇಳುವಾಗ ಅವರು ಹಾಕಿದ್ದನ್ನು ಕೇಳಬೇಡಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಮಾಲಿನಲ್ಲಾಗಲಿ ಡೆಮೊ ಅಂದರೆ ಎದೆ ನಡುಗುವ ಬೀಟಿನ ಹಾಡು, ಬಾಸ್ ಪೂರ್ತಿ ತಿರುಗಿಸಿಟ್ಟಿರುತ್ತಾರೆ. ಐದು ನಿಮಿಷಕ್ಕೆ ಅದು ಚೆನ್ನ, ಐದು ವರ್ಷಕ್ಕಲ್ಲ. ಬಾಸು, ಟ್ರೆಬಲ್ಲು ನಡುವಿಗೆ ತರಲು ಹೇಳಿ, ನಿಮಗೆ ಬಾಯಿಪಾಠವಾದದ್ದನ್ನು ಫೋನಿನಿಂದ ಕೇಳಿಸಿ. ನಾನು ಮೊದಲು ಹಾಕುವುದು ಯಾರಾದರೂ ಕನ್ನಡದಲ್ಲಿ ಮಾತಾಡಿದ್ದನ್ನು. ಸ, ಶ, ಷಗಳು ಉಗಿಯಂತೆ ಸೀಟಿ ಹೊಡೆದರೆ ಟ್ವೀಟರ್ ಒರಟು. ಗಂಡು ದನಿ ಕೊಡದೊಳಗಿಂದ ಬಂದಂತಿದ್ದರೆ ಪೆಟ್ಟಿಗೆ ತಾನೇ ಮಿಡಿಯುತ್ತಿದೆ ಎಂದರ್ಥ. ಆಮೇಲೆ ಯಕ್ಷಗಾನದ ಒಂದು ತುಣುಕು. ಚಂಡೆಯ ಪೆಟ್ಟು ಸ್ಪೀಕರಿಗೆ ದೊಡ್ಡ ಪರೀಕ್ಷೆ. ಒಳ್ಳೆಯದಾದರೆ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಚುರುಕಾಗಿ ಕೇಳಿಸುತ್ತದೆ, ಕೆಟ್ಟದಾದರೆ ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ. ಅದರ ಜೊತೆಗಿರುವ ಮದ್ದಳೆಯ ಗುಂಕಾರ ಚಂಡೆಯ ಅಡಿಯಲ್ಲಿ ಮುಚ್ಚಿಹೋಗಬಾರದು. ಕೊನೆಗೆ ಮೃದಂಗದ ಎಡ ಬದಿ, ಆ ತೊಪ್ಪಿಯ ಗುಮುಕು. ಸಬ್‌ವೂಫರ್ ಚೆನ್ನಾಗಿದ್ದರೆ ಅದು ಏರಿಳಿಯುವುದು ತಿಳಿಯುತ್ತದೆ. ಇಲ್ಲದಿದ್ದರೆ ಪ್ರತಿ ಸಲವೂ ಒಂದೇ ಧಿಂ.

ಸಬ್‌ವೂಫರ್ ಎಂದಾಗ ಕೋಣೆಯ ಮಾತು ಬರುತ್ತದೆ. ನಮ್ಮ ಮನೆಗಳ ಕೋಣೆ ಹತ್ತು ಹನ್ನೆರಡು ಅಡಿ, ನೆಲಕ್ಕೆ ಟೈಲ್ಸು, ಗೋಡೆ ಬರಿದು. ಹತ್ತಡಿ ಅಗಲದ ಗೋಡೆಗಳ ನಡುವೆ ಸುಮಾರು 56 ಹರ್ಟ್ಸಿನ ಅಲೆ ಸರಿಯಾಗಿ ಸಿಕ್ಕಿಕೊಂಡು ಮೊಳಗುತ್ತದೆ, ಹನ್ನೆರಡಡಿಗೆ 47ರ ಆಸುಪಾಸು. ಎಷ್ಟು ದುಡ್ಡಿನ ಸಬ್‌ವೂಫರ್ ತಂದರೂ ಆ ಒಂದೆರಡು ಸ್ವರ ಉಬ್ಬಿಕೊಂಡೇ ಕೇಳುವ ಜಾಗಗಳು ಕೋಣೆಯಲ್ಲಿರುತ್ತವೆ. ಮೂಲೆಗಿಟ್ಟರೆ ಉಬ್ಬು ಇನ್ನೂ ಹೆಚ್ಚು. ಇದಕ್ಕೊಂದು ಖರ್ಚಿಲ್ಲದ ಉಪಾಯವಿದೆ. ಸಬ್‌ವೂಫರನ್ನು ನೀವು ಕೂರುವ ಕುರ್ಚಿಯ ಮೇಲಿಟ್ಟು ಒಂದು ಹಾಡು ಹಾಕಿ, ನೆಲದ ಮಟ್ಟಕ್ಕೆ ಬಗ್ಗಿ ಗೋಡೆಯುದ್ದಕ್ಕೂ ಸರಿಯುತ್ತ ಕೇಳಿ. ಬಾಸು ಎಲ್ಲಿ ಹದವಾಗಿ ಕೇಳಿತೋ ಅಲ್ಲಿ ಅದನ್ನಿಡಿ. ಸುಮಾರು 80 ಹರ್ಟ್ಸಿಗಿಂತ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ಸರಿಯಾಗಿ ತಿಳಿಯದು, ಆದ್ದರಿಂದ ಸಬ್‌ವೂಫರ್ ಮುಂದೆಯೇ ಇರಬೇಕೆಂಬ ನಿಯಮವಿಲ್ಲ. ಇನ್ನು ನೆಲಕ್ಕೊಂದು ಜಮಖಾನ, ಕಿಟಕಿಗೆ ದಪ್ಪ ಪರದೆ, ಒಂದು ಗೋಡೆಗೆ ಪುಸ್ತಕದ ಕಪಾಟು. ಇವಿಷ್ಟು ಸೇರಿದರೆ ಸಾಧಾರಣ ಸ್ಪೀಕರೂ ಒಂದು ದರ್ಜೆ ಮೇಲೇರುತ್ತದೆ. ಕೆಳಗಿನ ಮನೆಯವರನ್ನೂ ನೆನೆಯಬೇಕು. ಮಾತು ಗೋಡೆಯಲ್ಲಿ ನಿಲ್ಲುತ್ತದೆ, ಬಾಸು ಸ್ಲ್ಯಾಬು ದಾಟುತ್ತದೆ. ಸಬ್‌ವೂಫರಿನ ಕೆಳಗೆ ದಪ್ಪ ಫೋಮ್ ಹಾಕಿ. ರಾತ್ರಿ ಹತ್ತರ ನಂತರ ಅದರ ಗುಂಡಿ ಸೊನ್ನೆಗೆ ಬರಲಿ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಎಂಬುದು 2000ದ ಶಬ್ದಮಾಲಿನ್ಯ ನಿಯಮಗಳು ಹಾಕಿರುವ ಮಿತಿ.

ರಾತ್ರಿ ಆಟ ಆಡುವವರಿಗೆ ಹೆಡ್‌ಫೋನೇ ಸರಿಯಾದ ಸರೌಂಡ್. ಹೊರಗಿವಿ ಮಾಡುವ ಆ ಬಣ್ಣ ಬದಲಾವಣೆಯನ್ನು ಲೆಕ್ಕ ಹಾಕಿ ಎರಡೇ ದನಿಯಲ್ಲಿ ಹಿಂದುಮುಂದನ್ನು ತೋರಿಸುವ ತಂತ್ರಾಂಶಗಳಿವೆ. ವಿಂಡೋಸ್‌ನಲ್ಲಿ 2017ರಿಂದ ವಿಂಡೋಸ್ ಸೋನಿಕ್ ಎಂಬುದು ಉಚಿತವಾಗಿಯೇ ಬರುತ್ತಿದೆ. ಎಲ್ಲರ ಕಿವಿಯ ಆಕಾರ ಒಂದೇ ಅಲ್ಲದ್ದರಿಂದ ಕೆಲವರಿಗೆ ಚೆನ್ನಾಗಿ ಒಗ್ಗುತ್ತದೆ, ಕೆಲವರಿಗೆ ಇಲ್ಲ. ದುಡ್ಡು ಕೊಡದೆ ನೋಡಬಹುದಾದ್ದರಿಂದ ಮೊದಲು ಅದನ್ನೇ ನೋಡಿ.

ಹಾಗಾದರೆ ಏನು ಕೊಳ್ಳುವುದು? ನನ್ನ ಅಭಿಪ್ರಾಯ ಸ್ಪಷ್ಟ. ಕೈಯಲ್ಲಿ ಎರಡು ಮೂರು ಸಾವಿರವಿದ್ದರೆ ಕ್ರಿಯೇಟಿವ್ ಪೆಬಲ್‌ನಂಥ ಚಿಕ್ಕ ಜೋಡಿ. ಬಾಸು ಕಡಿಮೆ, ಮಾತು ಸ್ವಚ್ಛ. ಹತ್ತು ಸಾವಿರದ ಆಚೀಚೆ ಇದ್ದರೆ ಎಡಿಫೈಯರ್ ಆರ್1280ಟಿ ತರಹದ, ಆ್ಯಂಪ್ಲಿಫೈಯರ್ ಒಳಗೇ ಇರುವ ಮರದ ಪೆಟ್ಟಿಗೆಯ ಜೋಡಿ. ಅದೇ ದುಡ್ಡಿನ 5.1 ಸೆಟ್ಟಿನಲ್ಲಿ ಅಷ್ಟೂ ಹಣ ಆರು ಪಾಲಾಗಿ ಹಂಚಿಹೋಗಿರುತ್ತದೆ, ಯಾವ ಪಾಲೂ ಸಾಕಾಗಿರುವುದಿಲ್ಲ. 5.1 ಬೇಕೇ ಬೇಕು, ಜಾಗವೂ ಇದೆ, ಸರಕೂ ಇದೆ ಎಂದರೆ ಇನ್ನೊಂದಿಷ್ಟು ಕಾಲ ದುಡ್ಡು ಕೂಡಿಸಿ, ಲಾಜಿಟೆಕ್‌ನ ಜಡ್906ನಂತೆ ಆಪ್ಟಿಕಲ್ ಬಿಡಿಸಬಲ್ಲ, ಆರೂ ದನಿಗೆ ಕಿಂಡಿ ಇರುವ ಸೆಟ್ಟಿಗೆ ಹೋಗಿ. ಅಥವಾ ದನಿಗಳನ್ನು ಬಿಡಿಸಿ ಸ್ಪೀಕರುಗಳಿಗೆ ಹಂಚುವ ಹಳೆಯ ಎವಿ ರಿಸೀವರ್ ಹುಡುಕಿ. ಹೊಸ ಟಿವಿಯ 4ಕೆ ಚಿತ್ರ ದಾಟಿಸಲಾರದು ಎಂಬ ಕಾರಣಕ್ಕೆ ಒಳ್ಳೊಳ್ಳೆಯ ರಿಸೀವರುಗಳನ್ನು ಜನ ಕಡಿಮೆ ಬೆಲೆಗೆ ಮಾರುತ್ತಾರೆ. ಕಂಪ್ಯೂಟರಿನ ಸದ್ದು ಬಿಡಿಸಲು ಅವು ಇವತ್ತಿಗೂ ಧಾರಾಳ ಸಾಕು. ಇವತ್ತು ಎರಡು ಸ್ಪೀಕರ್ ಹಾಕಿ, ಮುಂದಿನ ವರ್ಷ ಹಿಂದಿನ ಜೋಡಿ, ಆಮೇಲೆ ಸಬ್‌ವೂಫರ್ ಎಂದು ಬೆಳೆಸುತ್ತ ಹೋಗಬಹುದು. ಹಳೆಯ ಸ್ಪೀಕರ್ ಕೊಳ್ಳುವಾಗ ಜಾಲರಿ ತೆಗೆಸಿ ಕೋನಿನ ಅಂಚು ಮುಟ್ಟಿ ನೋಡಿ. ಫೋಮಿನ ಅಂಚು ಹತ್ತು ಹದಿನೈದು ವರ್ಷಕ್ಕೆ ಪುಡಿಯಾಗುತ್ತದೆ, ರಬ್ಬರಿನದು ಬಾಳುತ್ತದೆ.

ಹುಡುಗ ಎಲ್ಲವನ್ನೂ ಕೇಳಿ ಫೋನಿಟ್ಟ. ಎರಡು ವಾರದ ಮೇಲೆ ಮತ್ತೆ ಕರೆ ಬಂತು. ಏನೂ ಕೊಂಡಿರಲಿಲ್ಲ. ಮೇಜನ್ನು ಮೂಲೆಯಿಂದ ಎಳೆದು ಹತ್ತಡಿ ಗೋಡೆಯ ನಡುವಿಗೆ ತಂದಿದ್ದ, ಸ್ನೇಹಿತನ ಹಳೆಯ ಸ್ಪೀಕರ್ ಜೋಡಿಯನ್ನು ಕಿವಿಯ ಮಟ್ಟಕ್ಕೆ ಪುಸ್ತಕಗಳ ಮೇಲೆ ನಿಲ್ಲಿಸಿದ್ದ. "ಮಾಮ, ಹಾಡೋರು ಮಾನಿಟರ್ ಒಳಗೇ ನಿಂತ ಹಾಗೆ ಕೇಳ್ತಿದೆ" ಅಂದ. ಈಗ ಒಂದು ಒಳ್ಳೆಯ ಜೋಡಿ ಕೊಳ್ಳುತ್ತಾನಂತೆ. ಹಿಂದಿನವು ದೀಪಾವಳಿ ಬೋನಸ್ಸಿಗೆ. ಮಂಚದ ತಲೆದೆಸೆಯಲ್ಲಿ ಎರಡೂ ಬದಿಗೆ ಸ್ಟ್ಯಾಂಡ್ ಇಡಲು ಜಾಗವಿದೆ, ಗೋಡೆಯ ಬುಡದಲ್ಲೇ ಎಳೆದರೆ ವೈರು ಐದು ಮೀಟರ್ ಬೇಕು, ಅಳೆದಿಟ್ಟಿದ್ದಾನೆ.